ಮನೆಮಾರು ಹೋದವರಿಗೆ ಆದರಣೆ

ಆಟಿಯ ಮಳೆ ಹಿಡಿಯಿತೆಂದರೆ ವೇಣೂರು ಕಡೆಯ ಗೃಹಸ್ಥರು ರಾತ್ರಿ ಮಲಗುವ ಮುಂಚೆ ಒಮ್ಮೆ ಅಂಗಳಕ್ಕೆ ಬಂದು ಫಲ್ಗುಣಿಯ ಸದ್ದನ್ನು ಆಲಿಸುವದುಂಟು. ಹೊಳೆಯ ನೀರು ಕೆಂಪಾಯಿತೋ, ಗದ್ದೆಯ ಕಟ್ಟಪುಣಿ ಮುಳುಗಿತೋ, ಹಿತ್ತಲಿನ ಧರೆ ಎಲ್ಲಿಯಾದರೂ ಬಿರಿದಿದೆಯೋ ಎಂದು ನೋಡಿಕೊಂಡು ಒಳಗೆ ಹೋಗುತ್ತಾರೆ. ಈ ಅಂಜಿಕೆ ಹಳೆಯದು. 1923ರ ಆಗಸ್ಟಿನಲ್ಲಿ ನೇತ್ರಾವತಿಯು ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳ ಪೇಟೆಗಳಿಗೆ ನುಗ್ಗಿದ ನೆರೆಗೆ ತುಳುವರು ‘ಮಾರಿಬೊಳ್ಳ’ವೆಂದು ಹೆಸರಿಟ್ಟು ತಲೆಮಾರುಗಳ ವರೆಗೆ ನೆನೆದರು, 1974ರಲ್ಲಿ ಅಂಥದೇ ಮತ್ತೊಂದು ಬಂತು. ಬಳಿಕ 2019ರ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿ ಬೆಳ್ತಂಗಡಿ ತಾಲೂಕಿನ ಮೂಡಣ ಗ್ರಾಮಗಳಾದ ಚಾರ್ಮಾಡಿ, ಮಲವಂತಿಗೆ, ಮಿತ್ತಬಾಗಿಲು ಮೊದಲಾದ ಕಡೆಗಳಲ್ಲಿ ಘಟ್ಟದ ಮೈಯೇ ಜರಿದು ಹಳ್ಳಗಳಿಗೆ ಬಿತ್ತು. ಬರೇ ನೀರಾಗಿದ್ದರೆ ಏರಿ ಇಳಿಯುತ್ತಿತ್ತು. ಅದು ಬಂಡೆಗಳನ್ನೂ ಬುಡ ಸಹಿತವಾದ ಮರಗಳನ್ನೂ ಹೊತ್ತು ತಂದು, ಅಡಿಕೆಯ ತೋಟಗಳನ್ನು ಮಲಗಿಸಿ, ಗದ್ದೆಗಳ ಮೇಲೆ ಆಳುದ್ದ ಮರಳನ್ನು ಹಾಸಿ, ಮನೆಗಳನ್ನು ಗುರುತಿಲ್ಲದಂತೆ ಮಾಡಿ ಹೋಯಿತು. ಹಿಂದಿನ ವರುಷ, ಅಂದರೆ 2018ರಲ್ಲಿ, ಕೊಡಗಿಗೂ ಇದೇ ಗತಿಯಾಗಿತ್ತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಆದದ್ದನ್ನು ನಮ್ಮ ವಾಚಕರು ಮರೆತಿರಲಾರರು.

ಈ ತಿಂಗಳು ನಾವು ಮನೆಯನ್ನು ಕಳಕೊಂಡ ಕ್ರೈಸ್ತ ಕುಟುಂಬಗಳಿಗಾಗಿಯೂ ಅವರ ಬಳಿಗೆ ಹೋಗಿ ಏನು ಹೇಳಬೇಕೆಂದು ತಿಳಿಯದೆ ನಿಲ್ಲುವ ಬಂಧುಗಳಿಗಾಗಿಯೂ ನಾಲ್ಕು ಮಾತು ಬರೆಯಬೇಕೆಂದು ಎಣಿಸಿದ್ದೇವೆ.

ಮನೆಯೆಂದರೆ ಕಲ್ಲು ಮಣ್ಣುಗಳ ರಾಶಿಯಲ್ಲವೆಂಬುದನ್ನು ನಮ್ಮ ಭಾಷೆಯೇ ಬಲ್ಲದು. ಗಂಡನನ್ನು ‘ನಮ್ಮ ಮನೆಯವರು’ ಎನ್ನುತ್ತೇವೆ; ಕುಲದ ಮರ್ಯಾದೆಗೆ ‘ಮನೆತನ’ವೆನ್ನುತ್ತೇವೆ. ಅದರಲ್ಲಿಯೂ ನಮ್ಮ ಈ ಜಿಲ್ಲೆಯಲ್ಲಿ ಊರಿಗಿಂತ ಮನೆಯ ಹೆಸರೇ ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ಇಂಥ ಬೈಲಿನವರು, ಇಂಥ ಮಜಲಿನವರು, ಇಂಥ ಪಾದೆಯವರು ಎಂದೇ ಅವರನ್ನು ಕರೆಯುವದು, ಮದುವೆಯ ಕಾಗದ ಬರೆಯುವದು. ಆ ಬೈಲು ಮರಳಿನಡಿಗೆ ಹೋದ ಮೇಲೆ ಅಲ್ಲಿಯವನು ಎಲ್ಲಿಯವನು? ಗಂಜಿ ಕೇಂದ್ರದ ಶಾಲೆಯ ಜಗಲಿಯಲ್ಲಿ ಕುಳಿತ ಮುದುಕನು ಹೆಸರು ಬರೆಯಿಸುವಾಗ ಮನೆಯ ಹೆಸರಿಗೆ ಬಂದು ತಡವರಿಸುವದಕ್ಕೆ ಕಾರಣ ಇದೇ. ಹೋದದ್ದರ ಬೆಲೆಯನ್ನು ತಾಲೂಕು ಕಚೇರಿಯ ಪಟ್ಟಿಯಲ್ಲಿ ಬರೆಯಬಹುದು. ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರಕ್ಕೆ ಗೀರಿದ ಗೆರೆಗಳನ್ನೂ, ತಾಯಿ ಸಾಯುವಾಗ ಮಲಗಿದ್ದ ಮೂಲೆಯನ್ನೂ, ಸಾಯಂಕಾಲದ ಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರುತ್ತಿದ್ದ ಒಳಕೋಣೆಯ ನೆಲವನ್ನೂ ಯಾವ ಪಟ್ಟಿಯಲ್ಲಿ ಬರೆಯುವದು?

ಆದುದರಿಂದ, ‘ಜೀವ ಉಳಿಯಿತಲ್ಲಾ, ಮನೆ ಹೋದರೆ ಹೋಗಲಿ’ ಎಂದು ಬಂದವರೆಲ್ಲರೂ ಹೇಳುವ ಮಾತು ಸತ್ಯವಾಗಿದ್ದರೂ ಆದರಣೆಯಾಗುವದಿಲ್ಲ. ಜೀವ ಉಳಿದದ್ದಕ್ಕೆ ಸ್ತೋತ್ರ ಮಾಡುವ ಹಕ್ಕು ಉಳಿದವನದು. ಅವನು ತಾನಾಗಿ ಅದನ್ನು ಹೇಳುವ ತನಕ ನಾವು ಹೇಳದಿರುವದು ಲೇಸು.

ಇದಕ್ಕಿಂತ ಕಠಿನವಾದ ಮಾತೊಂದುಂಟು. ಅದನ್ನು ಯಾರೂ ಎದುರಿಗೆ ಆಡುವದಿಲ್ಲ, ಇಗರ್ಜಿಯ ಮೆಟ್ಟಿಲಿಳಿಯುವಾಗ ಮೆಲ್ಲಗೆ ಆಡುತ್ತಾರೆ: ಆ ಮನೆಯಲ್ಲಿ ಏನೋ ಇದ್ದಿರಬೇಕು, ಇಲ್ಲವಾದರೆ ಪಕ್ಕದ ಮನೆ ಬಿಟ್ಟು ಅದೇ ಏಕೆ ಹೋಗಬೇಕು, ಎಂದು. ಕಳಕೊಂಡವರ ಕಿವಿಗೂ ಅದು ಹೇಗೋ ಮುಟ್ಟುತ್ತದೆ. ಮುಟ್ಟದಿದ್ದರೂ ನಿದ್ದೆ ಬಾರದ ರಾತ್ರಿಗಳಲ್ಲಿ ಅವರ ಮನಸ್ಸೇ ಅದನ್ನು ಆಡುತ್ತದೆ. ಯೇಸುಸ್ವಾಮಿಯ ಕಾಲದಲ್ಲಿ ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗಲೂ ಜನರು ಹೀಗೆಯೇ ಎಣಿಸಿದರು. ಸತ್ತವರು ಯೆರೂಸಲೇಮಿನ ಮಿಕ್ಕವರಿಗಿಂತ ಹೆಚ್ಚು ಅಪರಾಧಿಗಳೆಂಬ ಎಣಿಕೆಯನ್ನು ಸ್ವಾಮಿಯು ಸ್ಪಷ್ಟವಾಗಿ ಅಲ್ಲಗಳೆದು, ನೋಡುತ್ತ ನಿಂತವರೇ ತಮ್ಮ ಕಡೆಗೆ ನೋಡಿಕೊಳ್ಳುವಂತೆ ಹೇಳಿದನೆಂಬುದು ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿದೆ. ಕ್ರೈಸ್ತರ ಬಾಯಲ್ಲಿ ಆ ಪಿಸುಮಾತು ಬರಲು ಎಡೆಯೇ ಇಲ್ಲ.

ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮ್ಯವನ್ನೂ ಇಂಥ ಹೊತ್ತಿನಲ್ಲಿ ಎತ್ತಿಕೊಳ್ಳುವವರಿದ್ದಾರೆ. ಅದನ್ನು ಜಾಗ್ರತೆಯಿಂದ ಓದಬೇಕು. ಆ ಸಾಮ್ಯದಲ್ಲಿ ಮಳೆಯೂ ಪ್ರವಾಹವೂ ಗಾಳಿಯೂ ಎರಡು ಮನೆಗಳಿಗೂ ಹೊಡೆಯುತ್ತವೆ. ವಿಶ್ವಾಸಿಯ ಮನೆಯ ಮೇಲೆ ಮಳೆಯೇ ಬೀಳದೆಂದು ಸ್ವಾಮಿಯು ಹೇಳಲಿಲ್ಲ. ಅಲ್ಲಿ ಹೇಳಿದ ಮನೆಯು ಮನುಷ್ಯನ ಬಾಳು. ಅದನ್ನು ಮಿತ್ತಬಾಗಿಲಿನ ಬಡವನ ಮಣ್ಣಿನ ಗೋಡೆಗೆ ಹಚ್ಚಿ ಬೋಧಿಸುವದು ವಾಕ್ಯಕ್ಕೂ ಅನ್ಯಾಯ, ಬಡವನಿಗೂ ಅನ್ಯಾಯ. ಹೊಳೆಯ ದಂಡೆಯಲ್ಲಿ ಅವನು ಮನೆ ಕಟ್ಟಿದ್ದು ಅವಿವೇಕದಿಂದಲ್ಲ, ಬೇರೆಲ್ಲಿಯೂ ಜಾಗ ಸಿಗದ್ದರಿಂದ.

ವೇಣೂರಿನಲ್ಲಿದ್ದು ಇದನ್ನು ಬರೆಯುವಾಗ ಇನ್ನೊಂದು ವಿಚಾರ ಬರುತ್ತದೆ. 1604ರಲ್ಲಿ ತಿಮ್ಮಣ್ಣ ಅಜಿಲನು ಫಲ್ಗುಣಿಯ ದಂಡೆಯಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನ ಮೂರ್ತಿಯು ನಮ್ಮ ಜೈನ ನೆರೆಯವರಿಗೆ ಪರಮ ಪೂಜ್ಯವಾದದ್ದು. 2024ರಲ್ಲಿ ಅದಕ್ಕೆ ಮಹಾಮಸ್ತಕಾಭಿಷೇಕವಾಯಿತು. ಗೆದ್ದ ರಾಜ್ಯವನ್ನು ತಾನಾಗಿ ಬಿಟ್ಟು ನಿಂತವನ ಮೂರ್ತಿ ಅದು. ಅದರ ನೆರಳಿನಲ್ಲಿ ಬೆಳೆದ ನಾವು, ಯಾವ ಮತದವರಾದರೂ, ಬಿಡುವದನ್ನು ದೊಡ್ಡದೆಂದು ಗೌರವಿಸಲು ಕಲಿತಿದ್ದೇವೆ. ನಮ್ಮ ಸಂತ ಫ್ರಾನ್ಸಿಸನೂ ತಂದೆಯ ಮನೆಯನ್ನು ಬಿಟ್ಟವನೇ. ಆದರೆ ಬಿಟ್ಟುಕೊಟ್ಟದ್ದು ಬೇರೆ, ಕಿತ್ತುಕೊಂಡು ಹೋದದ್ದು ಬೇರೆ. ಕಳಕೊಂಡವನಿಗೆ ವೈರಾಗ್ಯವನ್ನು ಬೋಧಿಸುವದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ.

ಹಾಗಾದರೆ ಆದರಣೆ ಯಾವದು? ಮೊದಲನೆಯದಾಗಿ ಅಳುವದಕ್ಕೆ ಅಪ್ಪಣೆ. ದೇವರ ವಾಕ್ಯದಲ್ಲಿ ಪ್ರಲಾಪಗಳೆಂಬ ಒಂದು ಪುಸ್ತಕವೇ ಇರುವದನ್ನು ನಾವು ಮರೆಯುತ್ತೇವೆ. ಸುಟ್ಟುಹೋದ ಪಟ್ಟಣದ ಮುಂದೆ ಕುಳಿತು ಅತ್ತವನ ಪುಸ್ತಕವದು. ಕೀರ್ತನೆಗಳಲ್ಲಿಯೂ ಎಷ್ಟೋ, ದೇವರೊಡನೆ ವಾದ ಮಾಡುವ, ಏಕೆ ಹೀಗಾಯಿತೆಂದು ಕೇಳುವ ಪ್ರಾರ್ಥನೆಗಳೇ. ಮನೆ ಬಿದ್ದು ಮಕ್ಕಳು ಸತ್ತ ಯೋಬನ ಬಳಿಗೆ ಬಂದ ಸ್ನೇಹಿತರು ಏಳು ದಿನ ಮಾತಾಡದೆ ಅವನ ಸಂಗಡ ನೆಲದ ಮೇಲೆ ಕುಳಿತಿದ್ದರಂತೆ. ಅವರು ಬಾಯಿ ತೆರೆದ ಮೇಲೆ ಆಡಿದ ಅಷ್ಟು ಅಧ್ಯಾಯಗಳಿಗಿಂತ ಆ ಏಳು ದಿನವೇ ಹೆಚ್ಚೆಂದು ನಮ್ಮ ಅಭಿಪ್ರಾಯ.

ಎರಡನೆಯದು, ನಾವು ಪ್ರಾರ್ಥಿಸುವ ಸ್ವಾಮಿಗೆ ಈ ದುಃಖವು ಕೇಳಿ ತಿಳಿದದ್ದಲ್ಲ. ಹುಟ್ಟಿದ್ದು ಪರರ ಹಟ್ಟಿಯಲ್ಲಿ. ಕೈಕೂಸಾಗಿದ್ದಾಗಲೇ ತಾಯಿತಂದೆಗಳು ಅವನನ್ನೆತ್ತಿಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಓಡಬೇಕಾಯಿತು. ದೊಡ್ಡವನಾದ ಮೇಲೆ ತಲೆಯಿಡಲು ಸ್ವಂತ ಸ್ಥಳವಿರಲಿಲ್ಲ. ಮಣ್ಣು ಮಾಡಿದ್ದೂ ಇನ್ನೊಬ್ಬನ ಸಮಾಧಿಯಲ್ಲಿ. ಮಿತ್ರರ ಮನೆಯಲ್ಲಿ ಮೂಲೆಯೊಂದನ್ನು ಪಡೆದು, ನೀರು ಕೇಳುವದಕ್ಕೂ ಸಂಕೋಚಪಡುತ್ತ ಇರುವ ತಾಯಿಗೆ ಈ ಒಂದು ವಿಷಯ ಬೇರೆ ಹತ್ತು ಬೋಧನೆಗಳಿಗಿಂತ ಹತ್ತಿರವಾಗುತ್ತದೆ. ಬೇತಾನ್ಯದಲ್ಲಿ ಮಾರ್ಥಳ ಮನೆಯ ಅನ್ನವನ್ನು ಅವನು ನಾಚಿಕೆಯಿಲ್ಲದೆ ಉಂಡನು. ತೆಗೆದುಕೊಳ್ಳುವದೂ ಒಂದು ಕೃಪೆಯೇ. ಕೊಟ್ಟೇ ಅಭ್ಯಾಸವಿದ್ದ ಮನೆತನದವರಿಗೆ ಅದು ಎಲ್ಲಕ್ಕಿಂತ ಕಷ್ಟ.

ಇನ್ನು ನಮ್ಮ ಹಿರಿಯರ ವಿಷಯ. ಈ ಜಿಲ್ಲೆಯ ಕಥೋಲಿಕ ಕುಟುಂಬಗಳಿಗೆ ಮನೆ ಕಳಕೊಳ್ಳುವದು ಹೊಸತಲ್ಲ. ಎರಡನೆಯ ಮೈಸೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು 1784ರ ಫೆಬ್ರವರಿಯಲ್ಲಿ, ತಪಸ್ಸು ಕಾಲದ ಮೊದಲ ದಿನವಾದ ವಿಭೂತಿ ಬುಧವಾರದ ಹೊತ್ತಿಗೆ, ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹೀಗೆ ಹೋದವರ ಸಂಖ್ಯೆಯನ್ನು ಬೇರೆ ಬೇರೆ ಬರಹಗಾರರು 30,000ದಿಂದ 60,000ದ ವರೆಗೆ ಹೇಳುತ್ತಾರೆ. ನಡಿಗೆಯ ದಾರಿಯಲ್ಲಿಯೇ ಹಸಿವೆಯಿಂದಲೂ ರೋಗದಿಂದಲೂ ಸಾವಿರಾರು ಜನ ಸತ್ತರು. ಬಾರಕೂರಿನವನೊಬ್ಬನು ಸೆರೆಯಿಂದ ತಿರುಗಿ ಬಂದು ಈ ಸಂಗತಿಗಳನ್ನು ಬರೆದಿಟ್ಟನು; ಬಾರಕೂರು ಹಸ್ತಪ್ರತಿಯೆಂದು ಹೆಸರಾದ ಆ ಬರಹವು ಕನ್ನಡದಲ್ಲಿತ್ತೆಂಬುದು ನಮ್ಮ ವಾಚಕರು ತಿಳಿದಿರಬೇಕಾದ ಮಾತು. ಮಂಗಳೂರಿನ ರೊಸಾರಿಯೊ, ಮಿಲಾಗ್ರಿಸ್ ಮೊದಲಾದ ಇಗರ್ಜಿಗಳು ನೆಲಸಮವಾದವು. ನಮ್ಮ ವೇಣೂರಿಗೆ ಸಮೀಪದ ಮೂಡಬಿದಿರೆಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯು ಮಾತ್ರ ಉಳಿಯಿತು. ಅದನ್ನು ಉಳಿಸಿದವನು ಮೂಡಬಿದಿರೆಯ ಚೌಟ ಅರಸನೆಂದು ಹೇಳುತ್ತಾರೆ. ಜೈನ ಮತದವನು, ತಾನೇ ಬಲಗುಂದಿದ್ದವನು. ಇಂಥ ಉಪಕಾರವನ್ನು ಇಗರ್ಜಿಯ ಹಬ್ಬದ ದಿನ ಮಕ್ಕಳಿಗೆ ಹೇಳಿಕೊಡುವದು ನಮಗೆ ಭೂಷಣ.

ಹದಿನೈದು ವರುಷ ಕಳೆದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರಲ್ಲಿ ಅನೇಕರು ಹಿಂದಿರುಗಿದರು. ಈ ಹಿಂದಿರುಗುವಿಕೆಯನ್ನು ನಾವು ಸಾಮಾನ್ಯವಾಗಿ ಸಂತೋಷದ ಅಧ್ಯಾಯವಾಗಿ ಓದಿ ಮುಗಿಸುತ್ತೇವೆ. ಆದರೆ ಯೋಚಿಸಿ ನೋಡಿರಿ: ಹತ್ತು ವರುಷದವನಾಗಿ ಹೋದವನು ಇಪ್ಪತ್ತೈದರವನಾಗಿ ಬಂದನು. ಹೊಲಗಳನ್ನು ಬೇರೆಯವರು ಉಳುತ್ತಿದ್ದರು; ಗೋಡೆಗಳ ಮೇಲೆ ಕಾಡು ಬೆಳೆದಿತ್ತು; ತಂದೆತಾಯಿಗಳ ಸಮಾಧಿಗಳು ಘಟ್ಟದ ಆಚೆಗೆ ಉಳಿದವು. ತಿರುಗಿ ಬಂದವರಿಗೆ ಮನೆಯು ಸಿಕ್ಕಲಿಲ್ಲ; ಮನೆಯನ್ನು ಕಟ್ಟಬೇಕಾಯಿತು. ಇಗರ್ಜಿಗಳನ್ನು ಕಟ್ಟುವದಕ್ಕೂ ಅವಸರವಾಗಲಿಲ್ಲ. ರೊಸಾರಿಯೊ ಇಗರ್ಜಿ ಮತ್ತೆ ಎದ್ದದ್ದು 1813ರಲ್ಲಿ. ಅಷ್ಟರ ತನಕ ಮನೆಯ ಒಳಕೋಣೆಯೇ ದೇವಾಲಯವಾಗಿದ್ದಿರಬೇಕು. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸಾಯಂಕಾಲದ ಜಪವು ಇಷ್ಟು ಬೇರೂರಿರುವದಕ್ಕೆ ಆ ಕಾಲವೂ ಒಂದು ಕಾರಣವೆಂದು ನಮಗನ್ನಿಸುತ್ತದೆ.

ಪ್ರೊಟೆಸ್ಟೆಂಟ್ ಸಭೆಯವರ ಕಥೆಯು ಬೇರೆ ತರಹದ್ದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಬೋಧನೆ ಕೇಳಿ ದೀಕ್ಷಾಸ್ನಾನ ಹೊಂದಿದವನಿಗೆ ಅದೇ ದಿನ ಮನೆಯ ಬಾಗಿಲು ಮುಚ್ಚುತ್ತಿತ್ತು. ಬಾವಿಯ ನೀರಿಲ್ಲ, ಕುಲಕಸುಬಿಲ್ಲ, 1850ರ 21ನೆಯ ಕಾಯಿದೆ ಬರುವ ತನಕ ಪಿತ್ರಾರ್ಜಿತದ ಮೇಲಿನ ಹಕ್ಕಿಗೂ ಆಧಾರವಿರಲಿಲ್ಲ. 1844ರಲ್ಲಿ ಕ್ರೈಸ್ತನಾದ ಆನಂದರಾವ್ ಕೌಂಡಿನ್ಯರು ಹೀಗೆ ಮನೆಯಿಂದ ಹೊರಬಿದ್ದವರಲ್ಲಿ ಹೆಸರಾದವರು. (ಮಗನನ್ನು ಕಳಕೊಂಡ ಆ ಮನೆಯವರ ದುಃಖವೂ ದುಃಖವೇ; ಅದನ್ನು ಹಗುರವಾಗಿ ಬರೆಯಲು ನಮಗೆ ಮನಸ್ಸಿಲ್ಲ.) ಹೊರಬಿದ್ದವರಿಗೆ ಉಪದೇಶ ಮಾತ್ರ ಸಾಲದೆಂದು ಮಿಶನಿನವರಿಗೆ ಬೇಗ ತಿಳಿಯಿತು. ಮಗ್ಗ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿಯ ಆವೆಮಣ್ಣನ್ನು ಒತ್ತಿ ಸುಟ್ಟು ಮಾಡಿದ ಆ ಕೆಂಪು ಹಂಚು ಮಂಗಳೂರು ಹಂಚೆಂಬ ಹೆಸರಿನಿಂದ ಸಮುದ್ರದಾಚೆಗೂ ಹೋಯಿತು. ನಮ್ಮೂರಿನ ಹಳೆಯ ಮನೆಗಳಲ್ಲಿ ಮುಳಿಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂದದ್ದು ಅದರಿಂದಲೇ. ತಮ್ಮ ತಲೆಯ ಮೇಲಿನ ಸೂರನ್ನು ಕಳಕೊಂಡವರ ಕೈಗಳು ಊರಿಗೆಲ್ಲ ಸೂರು ಮಾಡಿದವು. ಇದು ಅಲಂಕಾರದ ಮಾತಲ್ಲ, ಲೆಕ್ಕದ ಪುಸ್ತಕದ ಮಾತು.

ನಿರೀಕ್ಷೆಯೆಂಬುದನ್ನು ನಾವು ಬರೇ ಮನಸ್ಸಿನ ಸ್ಥಿತಿಯೆಂದು ತಿಳಿಯುವದು ತಪ್ಪು. ಪ್ರವಾದಿಯಾದ ಯೆರೆಮೀಯನನ್ನು ನೋಡಿರಿ. ಬಾಬಿಲೋನಿಗೆ ಸೆರೆಹೋದವರಿಗೆ ಅವನು ಕಾಗದ ಬರೆದು, ಬೇಗ ತಿರುಗಿ ಬರುವಿರೆಂಬ ಸುಳ್ಳು ಸಮಾಧಾನವನ್ನು ಹೇಳದೆ, ಅಲ್ಲಿಯೇ ಮನೆ ಕಟ್ಟಿ ತೋಟ ಮಾಡಿ ಮಕ್ಕಳ ಮದುವೆ ನಡಿಸಿ ಆ ಊರಿನ ಕ್ಷೇಮವನ್ನು ಹಾರೈಸುವಂತೆ ತಿಳಿಸಿದನು. ಅದೇ ಯೆರೆಮೀಯನು, ವೈರಿಯ ದಂಡು ಯೆರೂಸಲೇಮನ್ನು ಸುತ್ತಿಕೊಂಡು ಭೂಮಿಗೆ ಕಾಸಿನ ಬೆಲೆಯಿಲ್ಲದಿದ್ದಾಗ, ಅನಾತೋತಿನಲ್ಲಿದ್ದ ದಾಯಾದಿಯ ಹೊಲವನ್ನು ಹದಿನೇಳು ಶೇಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡನು. ಸಾಕ್ಷಿ ಹಾಕಿಸಿ, ಕ್ರಯಪತ್ರವನ್ನು ಬಹುಕಾಲ ಬಾಳುವಂತೆ ಮಣ್ಣಿನ ಭರಣಿಯಲ್ಲಿ ಇಡಿಸಿದನು. ದೇವರ ಮೇಲಿನ ನಂಬಿಕೆಯು ಅಲ್ಲಿ ಒಂದು ಕ್ರಯಪತ್ರದ ರೂಪವನ್ನು ತಾಳಿತು.

ಇದನ್ನು ನಾವು ಒತ್ತಿ ಹೇಳುವದಕ್ಕೆ ಕಾರಣವುಂಟು. ನೆರೆಯಲ್ಲಿ ಮನೆ ಹೋದ ಕೆಲವು ಭಕ್ತರು, ಎಲ್ಲವನ್ನೂ ದೇವರಿಗೆ ಒಪ್ಪಿಸಿದ್ದೇವೆ ಎನ್ನುತ್ತ ಕಚೇರಿಯ ಕಡೆಗೆ ಕಾಲಿಡುವದಿಲ್ಲ. ಕೇಳುವದು ಅವರಿಗೆ ಭಿಕ್ಷೆಯಂತೆ ತೋರುತ್ತದೆ. 2019ರಲ್ಲಿ ರಾಜ್ಯ ಸರಕಾರವು ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯ ಸಹಾಯವನ್ನು ಗೊತ್ತು ಮಾಡಿ, ಗೋಡೆ ಏರಿದಂತೆ ಕಂತುಕಂತಾಗಿ ಕೊಡುವ ಏರ್ಪಾಡು ಮಾಡಿತು. ಅಂಥ ಹಣ ಯಾರೊಬ್ಬನ ದಾನವೂ ಅಲ್ಲ. ನಾಡಿನ ಜನರೆಲ್ಲರೂ ತೆತ್ತದ್ದು. ಮನೆ ಹೋದ ದಿನಗಳಲ್ಲಿಯೇ ಪಂಚಾಯತಿಗೂ ಗ್ರಾಮದ ಕಂದಾಯದವರಿಗೂ ತಿಳಿಸಿ, ಬಿದ್ದ ಮನೆಯ ಚಿತ್ರ ತೆಗೆಸಿ, ಪಹಣಿ, ಹಕ್ಕುಪತ್ರ, ಪಡಿತರ ಚೀಟಿಗಳ ನಕಲಿಗೆ ಅರ್ಜಿ ಹಾಕಬೇಕು. ಬಾರೂಕನು ಭರಣಿಯಲ್ಲಿಟ್ಟಂತೆ, ಇನ್ನೂ ಮನೆಯಿರುವವರು ಈ ಕಾಗದಗಳ ಪ್ರತಿಗಳನ್ನು ಬೇರೆ ಊರಿನ ಬಂಧುಗಳಲ್ಲಿ ಇಟ್ಟಿರುವದು ಒಳ್ಳೇದು. ಹೊಸ ಮನೆಯ ಹಕ್ಕುಪತ್ರದಲ್ಲಿ ಮನೆಯಾಕೆಯ ಹೆಸರನ್ನೂ ಸೇರಿಸಲು ಸಾಧ್ಯವಿದ್ದಲ್ಲಿ ಸೇರಿಸಿರಿ. ಮನೆ ಕಳಕೊಂಡ ಭಾರವನ್ನು ಹೊತ್ತವಳು ಹೆಚ್ಚಾಗಿ ಅವಳೇ.

ಒಳಗಿನ ಕೆಲಸಗಳೂ ಉಂಟು. ಬಾಡಿಗೆಯ ಕೋಣೆಯಾಗಲಿ ಗಂಜಿ ಕೇಂದ್ರವಾಗಲಿ, ಮೊದಲ ಸಾಯಂಕಾಲವೇ ಹಿಂದಿನ ಹೊತ್ತಿಗೆ ಸರಿಯಾಗಿ ಪ್ರಾರ್ಥನೆಗೆ ಕೂಡಿರಿ. ಜಪಸರವು ಹೊಳೆಪಾಲಾಗಿದ್ದರೆ ಬೆರಳುಗಳಿವೆ; ಪುಸ್ತಕ ಹೋಗಿದ್ದರೆ ಬಾಯಿಪಾಠವಿದೆ. ಸ್ವರ ಏಳದಿದ್ದರೆ ಸುಮ್ಮನೆ ಕುಳಿತಿದ್ದರೂ ಸಾಕು. ಮಕ್ಕಳಿಗೆ ಮನೆಯ ಗೋಡೆಗಿಂತ ದಿನದ ಕ್ರಮವೇ ಮನೆ. ಮನೆಯನ್ನು ನೆನಸಿ ಅವರು ಮಾತಾಡಿದರೆ ತಡೆಯಬೇಡಿರಿ. ನಾಯಿ ಏನಾಯಿತು, ಗೇರುಮರ ಏನಾಯಿತು ಎಂದು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿರಿ.

ಪರಲೋಕದ ಮನೆಯ ಮಾತನ್ನು ನಾವು ಇಷ್ಟು ಹೊತ್ತು ಎತ್ತದಿದ್ದದ್ದನ್ನು ಕಂಡು ಕೆಲವು ವಾಚಕರು ಆಶ್ಚರ್ಯಪಟ್ಟಿರಬಹುದು. ಅದು ನಮ್ಮ ವಿಶ್ವಾಸದ ನಡುಗಂಬ. ಡೇರೆ ಹೊಲಿಯುವ ಕಸುಬಿನವನಾದ ಪೌಲನು ಈ ದೇಹವನ್ನೇ ಕಿತ್ತುಹಾಕುವ ಡೇರೆಗೆ ಹೋಲಿಸಿ, ಕೈಯಿಂದ ಕಟ್ಟದ ನಿತ್ಯವಾದ ಮನೆಯನ್ನು ಹಾರೈಸಿದನು. ಆದರೆ ಅವನು ಅದನ್ನು ಬೇರೆಯವರ ಬಾಯಿ ಮುಚ್ಚಿಸಲು ಹೇಳಲಿಲ್ಲ. ತಾನೇ ನಿಟ್ಟುಸಿರು ಬಿಡುತ್ತ ಹೇಳಿದನು. ಒಳ್ಳೆಯ ಹಂಚಿನ ಮನೆಯಲ್ಲಿ ಒಣಗಿದ ಬಟ್ಟೆ ಉಟ್ಟು ಕುಳಿತವನು ನೆನೆದವನಿಗೆ ಪರಲೋಕವನ್ನು ತೋರಿಸಿದರೆ ಅದು ಕೇಳಿಸದು. ನೆನೆದವನೇ ಒಂದು ದಿನ ಅದನ್ನು ನಮಗೆ ಹೇಳುತ್ತಾನೆ. ಅಂದು ಅವನ ಬಾಯಿಂದ ಕೇಳಿದ ಆ ಮಾತಿಗೆ ಬೇರೆಯೇ ತೂಕವಿರುತ್ತದೆ. ಎಷ್ಟೋ ಸಾರಿ ಆದರಣೆ ಕೊಡಲು ಹೋದವರು ಆದರಣೆ ಹೊಂದಿ ಹಿಂದಿರುಗುತ್ತಾರೆ.

ಸಭೆಯವರಿಗೂ ನೆರೆಯವರಿಗೂ ಒಂದು ಮಾತು. ಮೊದಲ ವಾರ ಅಕ್ಕಿ, ಬಟ್ಟೆ, ಚಾಪೆಗಳು ಬೇಕಾದ್ದಕ್ಕಿಂತ ಹೆಚ್ಚು ಬರುತ್ತವೆ; ಮೂರನೆಯ ತಿಂಗಳಿಗೆ ಯಾರೂ ಇರುವದಿಲ್ಲ. ಆಗ ಬೇಕಾಗುವದು ಹಳೆಯ ಬಟ್ಟೆಯಲ್ಲ: ಕಂತು ಬರುವ ತನಕ ಕಲ್ಲಿಗೆ ಮುಂಗಡ, ಅಡಿಪಾಯಕ್ಕೆ ಎರಡು ದಿನದ ಆಳುಕೆಲಸ, ಕಚೇರಿಗೆ ಜತೆಯಲ್ಲಿ ಬರುವ ಓದುಬಲ್ಲ ಒಬ್ಬ ಹುಡುಗ. 2019ರಲ್ಲಿ ನೆರೆ ಬಂದು ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 8ಕ್ಕೆ, ಮೊಂತಿ ಹಬ್ಬ ಬಂತು. ಗದ್ದೆಯ ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ, ಮನೆಗೊಯ್ದು, ಸುಲಿದ ಹೊಸ ಅಕ್ಕಿಯನ್ನು ಹಾಲಿನಲ್ಲಿ ಕದಡಿ ಮನೆಮಂದಿಯೆಲ್ಲ ಒಟ್ಟಾಗಿ ಕುಳಿತು ಸೇವಿಸುವ ಹಬ್ಬವದು. ದೂರದಲ್ಲಿರುವ ಮಕ್ಕಳಿಗೂ ಆ ಕಾಳುಗಳನ್ನು ಕಾಗದದಲ್ಲಿ ಕಳುಹಿಸುವ ವಾಡಿಕೆಯುಂಟು. ಗದ್ದೆಯ ಮೇಲೆ ಮರಳು ಕುಳಿತವರಿಗೆ ಆ ವರುಷ ತೆನೆಯೆಲ್ಲಿಯದು? ಹಬ್ಬದ ತೆನೆಯು ಯಾರ ಗದ್ದೆಯದೆಂದು ಇಗರ್ಜಿಯಲ್ಲಿ ಯಾರೂ ಕೇಳುವದಿಲ್ಲ. ಒಬ್ಬನ ಗದ್ದೆಯದು ಊರಿಗೆಲ್ಲ ಹಂಚಲ್ಪಡುತ್ತದೆ. ಮುಂದೆ ಅಂಥ ವರುಷ ಬಂದಲ್ಲಿ, ಬಾಡಿಗೆಯ ಕೋಣೆಯಲ್ಲಿರುವ ಕುಟುಂಬವನ್ನು ಅಂದಿನ ಊಟಕ್ಕೆ ಕರೆಯುವ ಬದಲು, ಸಾಧ್ಯವಾದರೆ ಆ ತೆನೆಯನ್ನೂ ಒಂದು ಸೇರು ಹಾಲನ್ನೂ ಅವರ ಕೋಣೆಗೇ ಒಯ್ದುಕೊಟ್ಟು, ಅವರ ಒಲೆಯಲ್ಲಿ ಅವರೇ ಬೇಯಿಸಿ ನಮ್ಮನ್ನು ಕುಳ್ಳಿರಿಸಿ ಬಡಿಸುವಂತೆ ಮಾಡಿರಿ.